ವಿಶ್ವಕಪ್ಪಿನ ಹಾಕಿಯೂ ಭಾರತದ ಬಲಾಬಲವೂ

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಬಯಲುಸೀಮೆಯ ಊರಿನಲ್ಲಿ ಕುಳಿತು, ಹಾಲೆಂಡು ಬೆಲ್ಜಿಯಂ ದೇಶಗಳಲ್ಲಿ ನಡೆಯತಕ್ಕ ಚೆಂಡಾಟದ ಫಲಾಫಲಗಳನ್ನು ವಿಚಾರಿಸುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಹಾಕಿಯು ನಮ್ಮ ದೇಶಕ್ಕೆ ಎಂದೂ ಕೇವಲ ವಿನೋದವಾಗಿರಲಿಲ್ಲ. ನಾವು ಪರಾಧೀನರಾಗಿದ್ದ ಕಾಲದಲ್ಲಿ, 1928, 1932, 1936ನೆಯ ಇಸವಿಗಳ ಒಲಿಂಪಿಕ್ ಕೂಟಗಳಲ್ಲಿ, ಜಗತ್ತಿನ ಮುಂದೆ ನಮ್ಮವರು ತಲೆಯೆತ್ತಿ ನಿಂತದ್ದು ಈ ಆಟದಿಂದ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಲಂಡನ್ ನಗರದಲ್ಲಿಯೇ ಬ್ರಿಟನ್ನಿನ ತಂಡವನ್ನು ನಾಲ್ಕು ಗೋಲುಗಳ ಅಂತರದಿಂದ ಸೋಲಿಸಿ ಸ್ವರ್ಣಪದಕವನ್ನು ತಂದದ್ದೂ ಈ ಆಟದಿಂದಲೇ. ಆದಕಾರಣ ಇದರ ಏಳುಬೀಳು ಪ್ರತಿಯೊಬ್ಬ ಭಾರತೀಯನಿಗೂ ಸಂಬಂಧಿಸಿದ ವಿಷಯವೆಂದೇ ನಾವು ಭಾವಿಸುತ್ತೇವೆ.

ಪುರುಷರ ವಿಶ್ವಕಪ್ಪಿನ ಪಂದ್ಯಗಳು 2026ರ ಆಗಸ್ಟಿನಲ್ಲಿ ಬೆಲ್ಜಿಯಂ ದೇಶದ ವಾವ್ರ ಪಟ್ಟಣದಲ್ಲಿಯೂ ಹಾಲೆಂಡಿನ ಆಮ್‌ಸ್ಟೆಲ್‌ವೀನಿನಲ್ಲಿಯೂ ನಡೆಯಬೇಕೆಂದು ಗೊತ್ತಾಗಿದೆ. ಹದಿನಾರು ರಾಷ್ಟ್ರಗಳು ಸೆಣಸತಕ್ಕ ಈ ಕೂಟದಲ್ಲಿ ನಮ್ಮವರ ಗತಿಯೇನಾದೀತು? ಅಭಿಮಾನವನ್ನು ಒಂದು ಗಳಿಗೆ ಬದಿಗಿಟ್ಟು, ಲೆಕ್ಕಪತ್ರಗಳನ್ನು ನೋಡುವ ಗುಮಾಸ್ತನಂತೆ ಇದನ್ನು ಪರಿಶೀಲಿಸುವುದು ಯುಕ್ತ.

ಮೊದಲು ಪೂರ್ವೋತ್ತರಗಳು. ಒಲಿಂಪಿಕ್ ಹಾಕಿಯಲ್ಲಿ ಭಾರತವು ಎಂಟು ಸ್ವರ್ಣ, ಒಂದು ರಜತ, ನಾಲ್ಕು ಕಂಚಿನ ಪದಕಗಳನ್ನು ಪಡೆದಿದೆ. ಇಷ್ಟು ಇನ್ನಾವ ರಾಷ್ಟ್ರಕ್ಕೂ ದೊರೆತಿಲ್ಲ. ವಿಶ್ವಕಪ್ಪಿನ ಕಥೆಯೇ ಬೇರೆ. 1971ರಲ್ಲಿ ತೃತೀಯ ಸ್ಥಾನ. 1973ರಲ್ಲಿ ಕೊಡಗಿನ ಎಂ.ಪಿ. ಗಣೇಶ್ ಅವರ ನಾಯಕತ್ವದಲ್ಲಿ, ಇದೇ ಆಮ್‌ಸ್ಟೆಲ್‌ವೀನಿನಲ್ಲಿ, ಕೈಗೆ ಬಂದಿದ್ದ ಕಪ್ಪು ಹಾಲೆಂಡಿನವರ ಪಾಲಾಯಿತು. 1975ರಲ್ಲಿ ಕೌಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ನಾವು ಕಪ್ಪನ್ನು ತಂದೆವು. ಅಲ್ಲಿಂದೀಚೆಗೆ 2023ರ ವರೆಗೆ ನಡೆದ ಒಂದು ಕೂಟದಲ್ಲಾದರೂ ಭಾರತವು ಉಪಾಂತ್ಯ ಪಂದ್ಯದ ಹೊಸ್ತಿಲನ್ನು ತುಳಿಯಲಿಲ್ಲ. 2018ರಲ್ಲಿ ಭುವನೇಶ್ವರದಲ್ಲಿ ಹಾಲೆಂಡಿಗೆ 1-2ರಿಂದ ಸೋತೆವು. 2023ರಲ್ಲಿ ಪುನಃ ನಮ್ಮ ನೆಲದಲ್ಲಿಯೇ, ನ್ಯೂಜಿಲೆಂಡಿನ ಮೇಲೆ 3-1ರಷ್ಟು ಮುಂದಿದ್ದು, ಸಮವಾಗಿ, ಕೊನೆಗೆ ಷೂಟೌಟಿನಲ್ಲಿ ಸೋತು ಎಂಟರೊಳಗೂ ಸೇರದೆ ಹೋದೆವು. ಈ ಕಹಿಯನ್ನು ಮರೆತು ಮಾಡಿದ ಎಣಿಕೆಯು ಎಣಿಕೆಯಲ್ಲ.

ಇನ್ನು ಎದುರಾಳಿಗಳ ಬಲ. ಅಗ್ರಗಣ್ಯವೆಂದು ನಾವು ಗಣಿಸುವುದು ಜರ್ಮನಿ, ಹಾಲೆಂಡುಗಳನ್ನು. ಜರ್ಮನರು 2002, 2006, 2023ರಲ್ಲಿ ವಿಶ್ವವಿಜಯಿಗಳು; ಹಿಂದೆ ಬಿದ್ದ ಪಂದ್ಯವನ್ನು ಕೊನೆಯ ನಿಮಿಷಗಳಲ್ಲಿ ಗೆದ್ದುಕೊಳ್ಳುವುದು ಅವರ ಹುಟ್ಟುಗುಣವೋ ಎಂಬಂತಿದೆ. ಹಾಲೆಂಡಿನವರು 2024ರ ಪ್ಯಾರಿಸ್ ಒಲಿಂಪಿಕ್ಕಿನ ಸ್ವರ್ಣವನ್ನು ಆ ಜರ್ಮನರಿಂದಲೇ ಕಿತ್ತುಕೊಂಡವರು. ಮೇಲಾಗಿ ಸ್ವಂತ ನೆಲ, ಸ್ವಂತ ಜನ. ಎರಡನೆಯ ಪಂಕ್ತಿಯಲ್ಲಿ ಬೆಲ್ಜಿಯಂ, ಆಸ್ಟ್ರೇಲಿಯಾಗಳು. ಬೆಲ್ಜಿಯಂ 2018ರ ವಿಶ್ವಕಪ್ಪನ್ನೂ 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಕಿನ ಸ್ವರ್ಣವನ್ನೂ ಗೆದ್ದ ತಂಡ. ಆದರೆ ಪ್ಯಾರಿಸಿನಲ್ಲಿ ಸ್ಪೇನಿಗೆ ಸೋತದ್ದರಿಂದ ಅದು ಅಜೇಯವಲ್ಲವೆಂಬುದು ಸಿದ್ಧವಾಯಿತು. ಆಸ್ಟ್ರೇಲಿಯನ್ನರು 2022ರ ಬರ್ಮಿಂಗ್‌ಹ್ಯಾಮ್ ಕೂಟದ ಅಂತಿಮ ಪಂದ್ಯದಲ್ಲಿ ನಮ್ಮ ಮೇಲೆ ಏಳು ಗೋಲುಗಳನ್ನು ಹೊಡೆದು ನಮಗೆ ಒಂದನ್ನೂ ಬಿಟ್ಟುಕೊಡಲಿಲ್ಲ. ಅದೇ ಆಸ್ಟ್ರೇಲಿಯಾವನ್ನು ಪ್ಯಾರಿಸಿನಲ್ಲಿ ನಮ್ಮವರು 3-2ರಿಂದ ಸೋಲಿಸಿದರು. ಒಲಿಂಪಿಕ್ಕಿನಲ್ಲಿ ಇಂಥ ಜಯ 1972ರ ತರುವಾಯ ಅದೇ ಮೊದಲನೆಯದು.

ನಮ್ಮ ಬಲವೇನು? ಬ್ರಿಟನ್ನಿನೆದುರು ಅಮಿತ್ ರೋಹಿದಾಸರು ಹೊರಗೆ ಕಳುಹಿಸಲ್ಪಟ್ಟ ಮೇಲೆ ಪಂದ್ಯದ ಬಹುಭಾಗವನ್ನು ಹತ್ತೇ ಮಂದಿ ಆಡಿ ಗೆದ್ದದ್ದು ಧೈರ್ಯಕ್ಕೆ ಸಾಕ್ಷಿ. ಪೆನಾಲ್ಟಿ ಕಾರ್ನರಿನಲ್ಲಿ ನಾಯಕ ಹರ್ಮನ್‌ಪ್ರೀತ್ ಸಿಂಗರ ಹೊಡೆತವು ಲೋಕಪ್ರಸಿದ್ಧ. ಪ್ಯಾರಿಸಿನಲ್ಲಿ ಅವರೊಬ್ಬರೇ ಹತ್ತು ಗೋಲುಗಳನ್ನು ಹೊಡೆದರು. ಆದರೆ ಒಬ್ಬನ ತೋಳನ್ನೇ ನಂಬಿದ ಸೈನ್ಯದ ಅಪಾಯವೂ ಅಲ್ಲಿಯೇ ಇದೆ. ಆ ಕೂಟದೊಡನೆ ಗೋಲುರಕ್ಷಕ ಶ್ರೀಜೇಶರು ನಿವೃತ್ತರಾದದ್ದು ಎರಡನೆಯ ಚಿಂತೆ. 2025ರ ಜೂನಿನಲ್ಲಿ ಯೂರೋಪಿನ ನೆಲದಲ್ಲಿ ನಮ್ಮವರು ಸಾಲಾಗಿ ಏಳು ಪಂದ್ಯಗಳನ್ನು ಸೋತರು. ಇದರಿಂದ ಎದೆಗುಂದುವವರು ಒಂದನ್ನು ಗಮನಿಸಬೇಕು: ಆ ಏಳರಲ್ಲಿ ಆರು ಸೋಲುಗಳು ಒಂದೇ ಗೋಲಿನ ಅಂತರದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಜಗೀರಿನಲ್ಲಿ ಕೊರಿಯವನ್ನು 4-1ರಿಂದ ಸೋಲಿಸಿ, ಏಷ್ಯಾ ಕಪ್ಪನ್ನು ಗೆದ್ದು, ಈ ವಿಶ್ವಕಪ್ಪಿಗೆ ಅರ್ಹತೆಯನ್ನು ಸಂಪಾದಿಸಿದರು.

ಇವೆಲ್ಲವನ್ನೂ ತೂಗಿ ನೋಡಿದರೆ, ಕಪ್ಪಿನ ಹಕ್ಕು ಜರ್ಮನಿ, ಹಾಲೆಂಡುಗಳಿಗೇ ಹೆಚ್ಚೆಂದೂ, ಭಾರತವು ಎಂಟರೊಳಗೆ ಬರದಿದ್ದರೆ ಅದು ನಾಚಿಕೆಯೆಂದೂ, ನಾಲ್ಕರೊಳಗೆ ಬಂದರೆ ಅದು ಅರ್ಧಶತಮಾನದ ಸಾಧನೆಯೆಂದೂ ನಮ್ಮ ಅಭಿಪ್ರಾಯ. ಒಂದು ಗೋಲಿನ ಕೊರತೆಯನ್ನು ಕೊನೆಯ ಹತ್ತು ನಿಮಿಷಗಳಲ್ಲಿ ತುಂಬಿಕೊಳ್ಳಲು ಕಲಿತರೆ ಪದಕವು ದುರ್ಲಭವಲ್ಲ.

ಆದರೆ ಒಂದು ಗೋಲಿನ ಈ ಕೊರತೆ ಎಲ್ಲಿ ಹುಟ್ಟಿತು? 1976ರಲ್ಲಿ ಮಾಂಟ್ರಿಯಲ್ಲಿನಲ್ಲಿ ಹುಲ್ಲಿನ ಬದಲು ಕೃತಕ ಹಾಸಿನ ಮೇಲೆ ಆಟ ನಡೆದಾಗ ನಾವು ಏಳನೆಯವರಾದೆವು. ಸಂಪನ್ನ ರಾಷ್ಟ್ರಗಳ ಬಾಲಕರು ಆ ಹಾಸಿನ ಮೇಲೆಯೇ ಬೆಳೆದರು. ನಮ್ಮ ಬಾಲಕರು ಮಣ್ಣಿನಲ್ಲಿ ಕಲಿತು, ದೊಡ್ಡವರಾದ ಮೇಲೆ ಆ ಹಾಸನ್ನು ಕಂಡರು. ಆಟಕ್ಕೆ ಮೊದಲು ನೀರನ್ನು ಚೆಲ್ಲಿ ತೋಯಿಸಬೇಕಾದ ಹಾಸು ಅದು. ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಮೇಲೆ ಎರಡನೆಯ ಕೋಡಿಯನ್ನು ಕಾಣಲು 2022ರ ವರೆಗೆ ಕಾದ ಹಿರಿಯೂರು ಸೀಮೆಯವರಿಗೆ, ಆಟದ ಬಯಲಿಗೆ ನೀರೆರೆಯಿರೆಂಬ ಮಾತು ಹೇಗೆ ಕೇಳೀತೆಂಬುದನ್ನು ವಿವರಿಸಬೇಕಾಗಿಲ್ಲ.

ನಮ್ಮ ನಾಡಿನ ಸ್ಥಿತಿಯನ್ನೂ ನೋಡೋಣ. 1975ರ ವಿಜಯದಲ್ಲಿ ಕೊಡಗಿನ ಬಿ.ಪಿ. ಗೋವಿಂದ, 1980ರ ಮಾಸ್ಕೋ ಸ್ವರ್ಣದಲ್ಲಿ ಎಂ.ಎಂ. ಸೋಮಯ್ಯ, 2016ರಲ್ಲಿ ರಿಯೋಗೆ ಹೋದ ತಂಡದಲ್ಲಿ ರಘುನಾಥ್, ಸುನಿಲ್, ಉತ್ತಪ್ಪ, ನಿಕಿನ್ ತಿಮ್ಮಯ್ಯ ಎಂಬ ನಾಲ್ವರು ನಮ್ಮವರು. ಟೋಕಿಯೋ, ಪ್ಯಾರಿಸ್ ಪದಕಗಳನ್ನು ತಂದ ತಂಡಗಳಲ್ಲಿ ಕರ್ಣಾಟಕದ ಒಂದು ಹೆಸರೂ ಇರಲಿಲ್ಲ. ಉತ್ಸಾಹದ ಕೊರತೆಯೆಂದು ಹೇಳುವಂತಿಲ್ಲ: ಪಾಂಡಂಡ ಕುಟ್ಟಪ್ಪನವರು 1997ರಲ್ಲಿ 60 ಮನೆತನಗಳ ತಂಡಗಳಿಂದ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿಯಲ್ಲಿ, 2025ರಲ್ಲಿ ಮಡಿಕೇರಿಯಲ್ಲಿ, 396 ತಂಡಗಳು ಸೇರಿದವು. ಕೊರತೆಯಿರುವುದು ಆ ಉತ್ಸಾಹವು ಘಟ್ಟದ ಮಗ್ಗುಲನ್ನು ದಾಟಿ ಬಯಲುಸೀಮೆಗೆ ಇಳಿಯದಿರುವುದರಲ್ಲಿ.

ಒರಿಸ್ಸಾದ ಸುಂದರಗಢ ಜಿಲ್ಲೆಯ ಸೌನಾಮಾರಾ ಎಂಬ ಹಳ್ಳಿಯೊಂದರಿಂದಲೇ ದಿಲೀಪ್ ತಿರ್ಕಿಯೂ ಅಮಿತ್ ರೋಹಿದಾಸರೂ ಭಾರತ ತಂಡಕ್ಕೆ ಬಂದರು. ಅಲ್ಲಿ ಸಾಧ್ಯವಾದದ್ದು ಯಲ್ಲದಕೆರೆಯಲ್ಲಿ ಏಕೆ ಅಸಾಧ್ಯ? ಕೋಟ್ಯಂತರ ರೂಪಾಯಿಗಳ ಹಾಸನ್ನು ನಾವು ಪ್ರತಿ ಹಳ್ಳಿಗೂ ಬೇಡುವುದಿಲ್ಲ. ಹೋಬಳಿಗೊಂದು ಸಮತಟ್ಟಾದ ಬಯಲು, ಪ್ರೌಢಶಾಲೆಗೆ ಇಪ್ಪತ್ತು ಕೋಲುಗಳು, ಆಟವನ್ನು ಬಲ್ಲ ಒಬ್ಬ ಉಪಾಧ್ಯಾಯ, ಅವರಲ್ಲಿ ಆಯ್ದವರಿಗೆ ಜಿಲ್ಲಾ ಕೇಂದ್ರದ ಹಾಸಿನ ಮೇಲೆ ಅಭ್ಯಾಸ: ಇಷ್ಟನ್ನು ಒದಗಿಸುವುದು ಅಧಿಕಾರಿಗಳಿಗೆ ಭಾರವಾಗಲಾರದು. ಆಮ್‌ಸ್ಟೆಲ್‌ವೀನಿನ ಫಲಿತಾಂಶವು ನಮ್ಮ ಕೈಯಲ್ಲಿಲ್ಲ. ಚಿಣ್ಣಿಕೋಲು ಹಿಡಿದ ನಮ್ಮ ಹುಡುಗನ ಕೈಗೆ ಹಾಕಿಯ ಕೋಲನ್ನು ಕೊಡುವುದು ನಮ್ಮ ಕೈಯಲ್ಲಿದೆ. ಮುಂದಿನ ವಿಶ್ವಕಪ್ಪುಗಳ ಬಲಾಬಲವು ನಿರ್ಣಯವಾಗುವುದು ಅಲ್ಲಿಯೇ.