ಮೂವತ್ತು ಡಾಲರಿನ ಪೆಟ್ಟಿಗೆ

ತಿಂಗಳಿಗೊಂದು ಶನಿವಾರ. ಚರ್ಚಿನ ಅಂಗಳದಲ್ಲಿ ಬೆಳಗ್ಗೆಯೇ ಕಾರುಗಳ ಸಾಲು. ಒಳಗಿನ ಸಭಾಂಗಣದಲ್ಲಿ ಉದ್ದನೆಯ ಮೇಜುಗಳ ಮೇಲೆ ರಟ್ಟಿನ ಪೆಟ್ಟಿಗೆಗಳು. ಯುವಕರು ಅವನ್ನು ಹೊತ್ತು ತಂದು ಹಿರಿಯರ ಕಾರಿನಲ್ಲಿ ಇಟ್ಟುಕೊಡುತ್ತಿದ್ದಾರೆ. ಅಲ್ಲಿ ಯಾರೂ ಕೈಯೊಡ್ಡುತ್ತಿಲ್ಲ. ಎಲ್ಲರೂ ಮುಂಗಡ ಹಣ ಕಟ್ಟಿ, ರಸೀದಿ ಹಿಡಿದು ಬಂದವರೇ.

2011ರವರೆಗೂ ಅಮೆರಿಕದ ನೂರಾರು ಊರುಗಳಲ್ಲಿ ಕಂಡುಬರುತ್ತಿದ್ದ ದೃಶ್ಯವಿದು. ಅದರ ಹಿಂದೆ ಇದ್ದ ಸಂಸ್ಥೆಯ ಹೆಸರು ಏಂಜಲ್ ಫುಡ್ ಮಿನಿಸ್ಟ್ರೀಸ್. ಜಾರ್ಜಿಯಾ ರಾಜ್ಯದ ಮನ್ರೋ ಎಂಬ ಸಣ್ಣ ಊರಿನಲ್ಲಿ 1994ರಲ್ಲಿ ಪಾದ್ರಿ ಜೋ ವಿಂಗೊ ಮತ್ತು ಅವರ ಪತ್ನಿ ಲಿಂಡಾ ಇದನ್ನು ಆರಂಭಿಸಿದರು. ಸುತ್ತಲಿನ ಕಾರ್ಖಾನೆಗಳು ಮುಚ್ಚಿ ಕೆಲಸ ಕಳೆದುಕೊಂಡವರಿಗೆ ನೆರವಾಗಬೇಕೆಂಬುದು ಉದ್ದೇಶ. ಮೊದಲ ಸಲ ಪೆಟ್ಟಿಗೆ ತಲುಪಿದ್ದು ಕೇವಲ 34 ಕುಟುಂಬಗಳಿಗೆ. ಮುಂದೆ ಅದು 35ಕ್ಕೂ ಹೆಚ್ಚು ರಾಜ್ಯಗಳಿಗೆ ಹಬ್ಬಿತು. 2008ರ ಆರ್ಥಿಕ ಮುಗ್ಗಟ್ಟಿನ ಹೊತ್ತಿಗೆ ತಿಂಗಳಿಗೆ ಐದು ಲಕ್ಷಕ್ಕೂ ಹೆಚ್ಚು ಕುಟುಂಬಗಳ ಅಡುಗೆಮನೆಗೆ ಈ ಪೆಟ್ಟಿಗೆ ಹೋಗುತ್ತಿತ್ತು.

ಪೆಟ್ಟಿಗೆಯ ಬೆಲೆ ಸುಮಾರು 30 ಡಾಲರ್. ಒಳಗೆ ಹೆಪ್ಪುಗಟ್ಟಿಸಿದ ಮಾಂಸ, ತರಕಾರಿ, ಹಾಲು, ಮೊಟ್ಟೆ ಮುಂತಾದವು, ಜೊತೆಗೊಂದು ಸಿಹಿ ತಿನಿಸು. ಅಂಗಡಿಯಲ್ಲಿ ಕೊಂಡರೆ ಇದಕ್ಕೆ 60 ಡಾಲರ್ ಆಗುತ್ತದೆ, ನಾಲ್ವರ ಕುಟುಂಬಕ್ಕೆ ಸುಮಾರು ಒಂದು ವಾರಕ್ಕೆ ಸಾಲುತ್ತದೆ ಎಂದು ಸಂಸ್ಥೆ ಹೇಳುತ್ತಿತ್ತು. ಕೊಳ್ಳುವವರು ಬಡವರೇ ಆಗಿರಬೇಕೆಂಬ ನಿಯಮವಿರಲಿಲ್ಲ. ಆದಾಯದ ಪ್ರಮಾಣಪತ್ರ ಯಾರೂ ಕೇಳುತ್ತಿರಲಿಲ್ಲ. ಸರ್ಕಾರ ಬಡವರಿಗೆ ಕೊಡುವ ಆಹಾರ ನೆರವಿನ ಕಾರ್ಡಿನಿಂದಲೂ ಹಣ ಕಟ್ಟಬಹುದಿತ್ತು. ‘ಇದು ದಾನವಲ್ಲ, ಖರೀದಿ’ ಎಂಬ ಭಾವನೆಯೇ ಎಷ್ಟೋ ಮಂದಿಯ ಸಂಕೋಚವನ್ನು ಕಳೆಯಿತು.

ಅರ್ಧ ಬೆಲೆಗೆ ಹೇಗೆ ಸಾಧ್ಯ?

ಅರ್ಧ ಬೆಲೆ ಎಂದಾಕ್ಷಣ ಹಳಸಿದ ಬ್ರೆಡ್ಡೋ, ತಗ್ಗುಬಿದ್ದ ಡಬ್ಬಿಯೋ ಇರಬೇಕೆಂಬ ಅನುಮಾನ ಸಹಜ. ಆದರೆ ಅಂಥ ಪದಾರ್ಥಗಳನ್ನು ಕೊಡುವುದಿಲ್ಲವೆಂದು ಸಂಸ್ಥೆ ಸ್ಪಷ್ಟವಾಗಿ ಹೇಳಿತ್ತು. ಉಳಿತಾಯದ ಗುಟ್ಟು ಬೇರೆ ಕಡೆ ಇತ್ತು.

ಅಂಗಡಿಯವನು ಒಂದು ಸೇಬನ್ನು ಮಾರುವಾಗ ಬರೀ ಸೇಬಿನ ಬೆಲೆ ಹಾಕುವುದಿಲ್ಲ. ಮಳಿಗೆಯ ಬಾಡಿಗೆ, ದೀಪ, ತಂಪುಪೆಟ್ಟಿಗೆಯ ವಿದ್ಯುತ್ತು, ನೌಕರರ ಸಂಬಳ, ಜಾಹೀರಾತು ಎಲ್ಲವೂ ಅದರಲ್ಲಿ ಸೇರಿರುತ್ತವೆ. ಕೊಳೆತು ಎಸೆದ ಸೇಬಿನ ಬೆಲೆಯನ್ನೂ ಮಾರಾಟವಾದ ಸೇಬೇ ಹೊರಬೇಕು. ಚರ್ಚಿನ ಪೆಟ್ಟಿಗೆಯಲ್ಲಿ ಈ ಖರ್ಚುಗಳಲ್ಲಿ ಹೆಚ್ಚಿನವು ಇರಲಿಲ್ಲ. ಸಭಾಂಗಣಕ್ಕೆ ಬಾಡಿಗೆಯಿಲ್ಲ. ದುಡಿಯುವವರು ಸ್ವಯಂಸೇವಕರು. ಎಷ್ಟು ಪೆಟ್ಟಿಗೆ ಬೇಕೆಂಬುದು ಮುಂಗಡ ಹಣದಿಂದಲೇ ಗೊತ್ತಾಗುವುದರಿಂದ ಉಳಿದು ಕೆಡುವ ಮಾತು ಕಡಿಮೆ. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಪಟ್ಟಿಯ ಪದಾರ್ಥವಾದ್ದರಿಂದ ಲಾರಿಗಟ್ಟಲೆ ಒಂದೇ ಸಲ ಕೊಳ್ಳಬಹುದು. ಲಾರಿ ಅರ್ಧ ತುಂಬಿ ಹೋದರೂ ಚಾಲಕನ ಸಂಬಳ ಅಷ್ಟೇ. ಪೂರ್ತಿ ತುಂಬಿದರೆ ಒಂದೊಂದು ಪೆಟ್ಟಿಗೆಯ ಸಾಗಣೆ ಖರ್ಚು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಂಚುವ ಚರ್ಚಿಗೆ ಪೆಟ್ಟಿಗೆಗೊಂದು ಡಾಲರ್ ಸಿಗುತ್ತಿತ್ತು. ಅದು ಊರಿನ ಕಷ್ಟದಲ್ಲಿದ್ದವರ ನೆರವಿಗೆ.

ಈ ಉಪಾಯ ಹೊಸದೇನಲ್ಲ. 1983ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೊ ನಗರದಲ್ಲಿ ‘ಶೇರ್’ ಎಂಬ ಕಾರ್ಯಕ್ರಮ ಇದೇ ರೀತಿ ಶುರುವಾಗಿತ್ತು. ಅಲ್ಲಿ ಹಣದ ಜೊತೆಗೆ ತಿಂಗಳಿಗೆ ಎರಡು ಗಂಟೆ ಸಮಾಜಸೇವೆಯನ್ನೂ ಮಾಡಬೇಕಿತ್ತು. ಪಕ್ಕದ ಮನೆಯ ಮುದುಕಿಗೆ ಔಷಧ ತಂದುಕೊಟ್ಟರೂ ಅದು ಸೇವೆಯೇ!

ನಿಜವಾದ ಉಳಿತಾಯ ಎಷ್ಟು?

60ರಲ್ಲಿ 30 ಕಳೆದರೆ 30. ಇಷ್ಟೇ ಆದರೆ ಲೆಕ್ಕ ಸುಲಭ. ಆದರೆ ಮನೆಯ ಲೆಕ್ಕ ಅಷ್ಟು ಸರಳವಲ್ಲ.

ಒಂದು ಉದಾಹರಣೆ. ಪೆಟ್ಟಿಗೆಯಲ್ಲಿ ಮನೆಯವರು ಯಾರೂ ತಿನ್ನದ ಪದಾರ್ಥ 12 ಡಾಲರಿನಷ್ಟು ಇದೆ ಎನ್ನೋಣ. ಆಗ ಪೆಟ್ಟಿಗೆಯ ಬೆಲೆ ಆ ಮನೆಯ ಮಟ್ಟಿಗೆ 60 ಅಲ್ಲ, 48. ಉಳಿತಾಯ 18ಕ್ಕೆ ಇಳಿಯಿತು. ಚರ್ಚಿಗೆ ಹೋಗಿಬರಲು 40 ಮೈಲಿ. ಕಾರು ಗ್ಯಾಲನ್ನಿಗೆ 20 ಮೈಲಿ ಓಡುತ್ತದೆ. ಗ್ಯಾಲನ್ನಿಗೆ ಮೂರೂವರೆ ಡಾಲರ್. ಪೆಟ್ರೋಲಿಗೇ 7 ಡಾಲರ್ ಹೋಯಿತು. ಕೊನೆಗೆ ಉಳಿದದ್ದು 11. ನೆರೆಮನೆಯವರೂ ಪೆಟ್ಟಿಗೆ ಕೊಳ್ಳುವವರಾಗಿ, ಇಬ್ಬರೂ ಒಂದೇ ಕಾರಿನಲ್ಲಿ ಹೋಗಿ ಖರ್ಚು ಹಂಚಿಕೊಂಡರೆ ಉಳಿತಾಯ ಹದಿನಾಲ್ಕೂವರೆ ಡಾಲರಿಗೆ ಏರುತ್ತದೆ. ಸಹಕಾರದ ಬೆಲೆ ಇಲ್ಲಿಯೂ ಕಾಣುತ್ತದಲ್ಲವೇ?

ಇನ್ನೊಂದು ಎಚ್ಚರ ತೂಕದ್ದು. ಮೂರು ಪೌಂಡಿನ ಕೋಳಿಮಾಂಸಕ್ಕೆ 6 ಡಾಲರ್, ಐದು ಪೌಂಡಿನದಕ್ಕೆ 9 ಡಾಲರ್ ಇದ್ದರೆ ಯಾವುದು ಅಗ್ಗ? ಮೊದಲನೆಯದು ಪೌಂಡಿಗೆ 2 ಡಾಲರ್, ಎರಡನೆಯದು 1.80. ಒಂದು ಪೌಂಡೆಂದರೆ ಸುಮಾರು 454 ಗ್ರಾಂ. ಬೆಲೆಯನ್ನು ತೂಕದಿಂದ ಭಾಗಿಸದೆ ಅಗ್ಗವೋ ತುಟ್ಟಿಯೋ ಹೇಳಲಾಗದು. ಹೋಲಿಸುವುದು ಕೂಡ ಅತಿ ದುಬಾರಿ ಅಂಗಡಿಯ ಬೆಲೆಯೊಡನೆ ಅಲ್ಲ, ಮನೆಯವರು ದಿನವೂ ಕೊಳ್ಳುವ ಅಂಗಡಿಯ ಬೆಲೆಯೊಡನೆ.

ತಂಪಿನ ಪಾಠ

ಪೆಟ್ಟಿಗೆಯ ಬಹುಪಾಲು ಹೆಪ್ಪುಗಟ್ಟಿಸಿದ ಆಹಾರ. ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆಯಲ್ಲಿ ಆಹಾರದೊಳಗಿನ ನೀರು ಮಂಜುಗಡ್ಡೆಯಾಗುತ್ತದೆ. ಬ್ಯಾಕ್ಟೀರಿಯಗಳಿಗೆ ಬೆಳೆಯಲು ಬೇಕಾದ ನೀರು ದೊರೆಯುವುದಿಲ್ಲ. ಆದರೆ ಅವೆಲ್ಲ ಸಾಯುವುದಿಲ್ಲ, ಸುಮ್ಮನಿರುತ್ತವೆ ಅಷ್ಟೆ. ಮಂಜು ಕರಗಿ ಉಷ್ಣತೆ 4 ಡಿಗ್ರಿ ದಾಟಿತೆಂದರೆ ಮತ್ತೆ ವೇಗವಾಗಿ ಬೆಳೆಯತೊಡಗುತ್ತವೆ. 60 ಡಿಗ್ರಿಯವರೆಗೂ ಅಪಾಯವಿದ್ದದ್ದೇ. ಅದಕ್ಕೇ ಹೆಪ್ಪುಗಟ್ಟಿದ ಮಾಂಸವನ್ನು ಅಡುಗೆ ಕಟ್ಟೆಯ ಮೇಲೆ ಬಿಡದೆ ಫ್ರಿಜ್ಜಿನೊಳಗೇ ನಿಧಾನವಾಗಿ ಕರಗಿಸಬೇಕು. ಹೊರಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು. ದೊಡ್ಡ ಫ್ರೀಜರ್ ಇಲ್ಲದ ಮನೆಗೆ ಇಷ್ಟು ಪದಾರ್ಥ ಒಮ್ಮೆಗೇ ಬಂದರೆ ಉಳಿತಾಯ ಕಸದ ಬುಟ್ಟಿ ಸೇರುವ ಭಯವೂ ಇತ್ತು.

ಮುರಿದ ನಂಬಿಕೆ

ಇಷ್ಟೆಲ್ಲ ಒಳ್ಳೆಯದಿದ್ದ ಕಾರ್ಯಕ್ರಮ ಏಕೆ ನಿಂತಿತು? 2009ರ ಫೆಬ್ರವರಿಯಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಮನ್ರೋದ ಕಚೇರಿಯನ್ನು ಶೋಧಿಸಿತು. ಆಮೇಲೆ ಪೆಟ್ಟಿಗೆಗಳ ಸಂಖ್ಯೆ ಇಳಿಯುತ್ತ ಬಂತು. ಆಹಾರ, ಇಂಧನಗಳ ಬೆಲೆ ಏರಿತೆಂಬ ಕಾರಣ ನೀಡಿ 2011ರ ಸೆಪ್ಟೆಂಬರಿನಲ್ಲಿ ಸಂಸ್ಥೆ ಬಾಗಿಲು ಮುಚ್ಚಿತು. ಅದೇ ಡಿಸೆಂಬರಿನಲ್ಲಿ, ಸಂಸ್ಥೆಯ ಹಣವನ್ನು ಸ್ವಂತಕ್ಕೆ ಬಳಸಿಕೊಂಡ ಆರೋಪದ ಮೇಲೆ ಸ್ಥಾಪಕರ ಕುಟುಂಬದವರ ವಿರುದ್ಧ ಮೊಕದ್ದಮೆ ಹೂಡಲಾಯಿತು. 2013ರಲ್ಲಿ ಜೋ ವಿಂಗೊ ಮತ್ತು ಅವರ ಮಗ ತಪ್ಪೊಪ್ಪಿಕೊಂಡರು. ಇಬ್ಬರಿಗೂ ಜೈಲು ಶಿಕ್ಷೆಯಾಯಿತು. ಲಿಂಡಾ ಅವರೂ ಅಪರಾಧವನ್ನು ತಿಳಿದೂ ತಿಳಿಸದ ತಪ್ಪನ್ನು ಒಪ್ಪಿಕೊಂಡರು.

ಇದರಲ್ಲಿ ನೋವುಂಡವರು ಯಾರು? ಶನಿವಾರದ ನಿದ್ದೆ ಬಿಟ್ಟು ಪೆಟ್ಟಿಗೆ ಹೊತ್ತ ಸ್ವಯಂಸೇವಕರು. ತಿಂಗಳ ಕೊನೆಯಲ್ಲಿ ಆ ಪೆಟ್ಟಿಗೆಯನ್ನೇ ನಂಬಿದ್ದ ತಾಯಂದಿರು, ಪಿಂಚಣಿಯಲ್ಲಿ ಬದುಕುವ ವೃದ್ಧರು. ಗಮನಿಸಬೇಕಾದ್ದೆಂದರೆ, ಒಟ್ಟಾಗಿ ಕೊಳ್ಳುವ ಉಪಾಯ ತಪ್ಪಾಗಿರಲಿಲ್ಲ. ಅದರ ಲೆಕ್ಕ ಗಟ್ಟಿಯಾಗಿಯೇ ಇತ್ತು. ಆದರೆ ಹಣ ಕಟ್ಟಿದವರು ಗಿರಾಕಿಗಳಾಗಿದ್ದರೇ ಹೊರತು ಸದಸ್ಯರಾಗಿರಲಿಲ್ಲ. ಲೆಕ್ಕಪುಸ್ತಕ ತೆರೆದು ತೋರಿಸಿ ಎಂದು ಕೇಳುವ ಹಕ್ಕು ಅವರಿಗಿರಲಿಲ್ಲ.

ಇಲ್ಲಿ ಹಳೆಯದೊಂದು ಕತೆ ನೆನಪಾಗಬೇಕು. 1844ರ ಡಿಸೆಂಬರ್ 21ರಂದು ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 28 ಮಂದಿ ಸೇರಿ ಪುಟ್ಟ ಅಂಗಡಿ ತೆರೆದರು. ಅವರಲ್ಲಿ ಅನೇಕರು ನೇಕಾರರು. ಮಾರಿದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್, ಮೇಣದಬತ್ತಿ ಇಷ್ಟೇ. ಆದರೆ ಕಲಬೆರಕೆಯಿಲ್ಲದ ಪದಾರ್ಥ, ಸರಿಯಾದ ತೂಕ, ಸದಸ್ಯನಿಗೊಂದೇ ಮತ, ಸದಸ್ಯರ ಮುಂದೆ ಲೆಕ್ಕಪತ್ರ ಎಂಬ ನಿಯಮಗಳಿದ್ದವು. ಆ ಬೀಜದಿಂದ ಬೆಳೆದ ಸಹಕಾರ ಚಳವಳಿ ನಮ್ಮ ನಾಡಿಗೂ ಬಂತು. 1904ರ ಕಾಯ್ದೆಯಡಿ ದೇಶದ ಮೊದಮೊದಲ ಸಹಕಾರಿ ಸಾಲ ಸಂಘಗಳಲ್ಲೊಂದು 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಹುಟ್ಟಿತು.

ಮನ್ರೋದ ಪೆಟ್ಟಿಗೆಯಿಂದ ವಿದ್ಯಾರ್ಥಿಗಳು ಕಲಿಯಬೇಕಾದ್ದು ಎರಡು ಲೆಕ್ಕ. ಒಂದು, ಮನೆಯ ಲೆಕ್ಕ. ಮುಂದಿನ ಸಲ ಅಪ್ಪ ಅಮ್ಮನ ಜೊತೆ ಅಂಗಡಿಗೆ ಹೋದಾಗ ಪೊಟ್ಟಣದ ಬೆಲೆಯನ್ನು ತೂಕದಿಂದ ಭಾಗಿಸಿ ನೋಡಬಹುದು. ಉಚಿತ, ರಿಯಾಯಿತಿ ಎಂಬ ದಪ್ಪ ಅಕ್ಷರಗಳ ಎದುರು ಆ ಪುಟ್ಟ ಭಾಗಾಕಾರವೇ ದೊಡ್ಡ ಆಯುಧ. ಇನ್ನೊಂದು, ಊರಿನ ಲೆಕ್ಕ. ಹತ್ತು ಜನ ಸೇರಿ ಹಣ ಹಾಕುವುದು ಎಷ್ಟೇ ಪವಿತ್ರ ಕಾರ್ಯಕ್ಕಾಗಲಿ, ಅದರ ಜಮಾ ಖರ್ಚು ಹತ್ತು ಜನರ ಕಣ್ಣಿಗೂ ಬೀಳುತ್ತಿರಬೇಕು. ಲೆಕ್ಕ ಕೇಳುವುದು ಅಪನಂಬಿಕೆಯಲ್ಲ. ನಂಬಿಕೆ ಕೆಡದಂತೆ ಕಾಪಾಡುವ ದಾರಿ.