ಟೇಲರ್ ಮಂಜಿಲ್ ಸುರಪುರದ ಮನೆ

ಯಾದಗಿರಿ ಜಿಲ್ಲೆಯ ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್‌ಗೆ ನೂರ ಎಂಬತ್ತು ವರ್ಷ ದಾಟಿದೆ. 1844ರಲ್ಲಿ ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಭಾರತಕ್ಕೆ ಬಂದು ನಿಜಾಮರ ಸೇನೆ ಸೇರಿದವರು. 1841ರಲ್ಲಿ ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಅವರನ್ನು ಇಲ್ಲಿಗೆ ಕಳಿಸಿದಾಗ ಸುರಪುರ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ರಾಜ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗ. ತಾಯಿ ರಾಣಿ ಈಶ್ವರಮ್ಮನವರ ಕೈಯಲ್ಲಿ ಕಾರಭಾರ. 1853ರಲ್ಲಿ ಪ್ರಾಯಕ್ಕೆ ಬಂದ ರಾಜನಿಗೆ ಅಧಿಕಾರ ಒಪ್ಪಿಸಿ ಟೇಲರ್ ಹೊರಟರು, ಮನೆ ಉಳಿಯಿತು. ಮುಂದೆ ಅದು ಸರ್ಕಾರಿ ಅತಿಥಿಗೃಹವಾಯಿತು. ಅಧಿಕಾರಿಗಳು ಬಂದು ತಂಗಿ ಹೋಗುವ ಬಂಗಲೆ ಎಂದಷ್ಟೇ ಅದನ್ನು ನೋಡುವುದು ಸಾಲದು. ಸುರಪುರದ ಚರಿತ್ರೆಯನ್ನು ಊರಿನವರೇ ಓದಿಕೊಳ್ಳುವ ಜಾಗವಾಗಿ ಅದು ಉಳಿಯಬೇಕು.

ಇದಕ್ಕೆ ಮೊದಲ ತಕರಾರು ಎಲ್ಲರಿಗೂ ಗೊತ್ತಿರುವುದೇ: ಬ್ರಿಟಿಷರ ಅಧಿಕಾರಿ ಕಟ್ಟಿಸಿದ ಮನೆಯನ್ನು ನಾವೇಕೆ ಕಾಪಾಡಬೇಕು? ಈ ಪ್ರಶ್ನೆಯ ಹಿಂದೆ ನಿಜವಾದ ನೋವಿದೆ. 1858ರ ಫೆಬ್ರುವರಿಯಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಯುದ್ಧಕ್ಕಿಳಿದ, ಸೋತ, ಹೈದರಾಬಾದಿನಲ್ಲಿ ಸೆರೆಸಿಕ್ಕ. ಅವನಿಗೆ ವಿಧಿಸಿದ ಮರಣದಂಡನೆ ಸೆರೆವಾಸಕ್ಕೆ ಇಳಿಯಿತು. ಚೆಂಗಲ್‌ಪಟ್ಟಿಗೆ ಒಯ್ಯುವ ದಾರಿಯಲ್ಲಿ ಗುಂಡೇಟಿಗೆ ಪ್ರಾಣಬಿಟ್ಟ. ಅವನ ಮನೆತನವಾದ ಬೇಡ ನಾಯಕರ ಆಳ್ವಿಕೆ ಅಲ್ಲಿಗೆ ಮುಗಿಯಿತು, 1860ರಲ್ಲಿ ಸಂಸ್ಥಾನ ನಿಜಾಮರ ಪಾಲಾಯಿತು. ಆದರೆ ಈ ರಾಜನ ಕೊನೆಯ ದಿನಗಳ ಬಗ್ಗೆ ನಮಗೆ ಸಿಗುವ ಹತ್ತಿರದ ಸಾಕ್ಷ್ಯಗಳಲ್ಲೊಂದು, 1877ರಲ್ಲಿ ಪ್ರಕಟವಾದ ಟೇಲರರ ಆತ್ಮಕಥೆ. ತನ್ನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ ಹುಡುಗನನ್ನು ಸೆರೆಯಲ್ಲಿ ಕಂಡದ್ದನ್ನೂ, ಕಳ್ಳನಂತೆ ನೇಣುಗಂಬ ಏರುವುದಕ್ಕಿಂತ ತೋಪಿನ ಬಾಯಿಗೆ ಸಿಕ್ಕು ಸಾಯುವುದೇ ಲೇಸೆಂದು ಅವನು ಹೇಳಿದ್ದನ್ನೂ ಟೇಲರ್ ಬರೆದಿದ್ದಾರೆ. ಬರೆದವರು ಆಳುವವರ ಕಡೆಯವರು, ಅದನ್ನು ಮರೆಯದೆಯೇ ಓದಬೇಕು. ಆ ಪ್ರೀತಿ, ಆ ಅಧಿಕಾರ ಎರಡೂ ಬೆಳೆದದ್ದು ಇದೇ ಊರಿನಲ್ಲಿ. ಮನೆಯನ್ನು ಕಳೆದುಕೊಂಡರೆ ಟೇಲರರಿಗೆ ನಷ್ಟವಿಲ್ಲ, ವೆಂಕಟಪ್ಪನ ಕಥೆಗೆ ಒಂದು ನೆಲೆ ತಪ್ಪುತ್ತದೆ.

ಇನ್ನೊಂದು ಮಾತು, ನನ್ನ ಮಟ್ಟಿಗೆ ಇದೇ ಹೆಚ್ಚಿನದು. ಮನೆ ಕಟ್ಟಿಸಿದವರ ಹೆಸರು ಎಲ್ಲರ ಬಾಯಲ್ಲಿದೆ; ಕಲ್ಲು ಹೊತ್ತವರು, ಗಾರೆ ಕಲಸಿದವರು ಯಾರೆಂದು ಯಾರೂ ಕೇಳುವುದಿಲ್ಲ. ಎಲ್ಲೆಡೆಯೂ ಹೀಗಿಲ್ಲ. ರಷ್ಯಾದಿಂದ 1899ರಲ್ಲಿ ಕೆನಡಾಕ್ಕೆ ವಲಸೆ ಹೋದ ಡೂಖೊಬೋರ್ ಎಂಬ ಧಾರ್ಮಿಕ ಸಮುದಾಯದವರು ತಮ್ಮದೇ ಭಟ್ಟಿಯಲ್ಲಿ ಇಟ್ಟಿಗೆ ಸುಟ್ಟು, ಹಲವು ಕುಟುಂಬಗಳು ಒಟ್ಟಿಗೆ ಬಾಳುವ ಮನೆಗಳನ್ನು ಕಟ್ಟಿಕೊಂಡರು. ಅಂಥ ಮನೆಗಳನ್ನು ಅಲ್ಲಿ ಇಡೀ ಸಮುದಾಯದ ಹೆಸರಿನಲ್ಲೇ ನೆನೆಯುತ್ತಾರೆ. ಟೇಲರ್ ಮಂಜಿಲ್ ಹುಟ್ಟಿದ ಬಗೆ ಬೇರೆ, ನಿಜ. ಆದರೂ ಸಿಮೆಂಟ್ ಬಾರದ ಆ ಕಾಲದಲ್ಲಿ ಗೋಡೆ ಎಬ್ಬಿಸುವುದೆಂದರೆ ಸುಣ್ಣ ಸುಟ್ಟು, ನೀರಿನಲ್ಲಿ ಅರಳಿಸಿ, ಮರಳು ಸೇರಿಸಿ ಗಾಣದಲ್ಲಿ ಅರೆದು, ಹದ ಬರುವ ತನಕ ಕಾಯುವ ಕೆಲಸ. ಆ ಹದ ಬಲ್ಲವರು ಈ ಸೀಮೆಯ ಗೌಂಡಿಗಳು, ಕೂಲಿಯವರು. ಹಾಗೆಂದು ಟೇಲರರನ್ನು ಮರೆಯಬೇಕಿಲ್ಲ, ಅವರು ಈ ನೆಲವನ್ನು ಅಕ್ಕರೆಯಿಂದ ನೋಡಿದವರೂ ಹೌದು: ರಾಜನಕೋಳೂರಿನ ಕಲ್ಗೋರಿಗಳ ಬಗ್ಗೆ, ಶಹಾಪುರದ ಬಳಿ ವಿಭೂತಿಹಳ್ಳಿಯ ಬಂಡೆಗಳ ಸಾಲುಗಳ ಬಗ್ಗೆ ವಿದ್ವಾಂಸರ ಲೋಕಕ್ಕೆ ಮೊದಲು ತಿಳಿಸಿದವರಲ್ಲಿ ಅವರೊಬ್ಬರು.

ಕುಡಿಯುವ ನೀರಿಗೆ, ಶಾಲೆಗೆ ದುಡ್ಡು ಸಾಲದ ಜಿಲ್ಲೆಯಲ್ಲಿ ಹಳೇ ಬಂಗಲೆಗೆ ಖರ್ಚೇಕೆ ಎನ್ನುವವರಿದ್ದಾರೆ. ಯಾದಗಿರಿಯ ಬಡತನ ಬಲ್ಲವರು ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇಲ್ಲಿ ಕೇಳುತ್ತಿರುವುದು ಹೊಸ ಕಟ್ಟಡವನ್ನಲ್ಲ, ಸರಿಯಾದ ದುರಸ್ತಿಯನ್ನು. ಸುಣ್ಣದ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲಾರದೆ ಉಪ್ಪು ಕಟ್ಟಿ ಹಳೇ ಗಾರೆ ಉದುರುತ್ತದೆ. ಆಮೇಲೆ ಖರ್ಚು ಇಮ್ಮಡಿ. ಗಾರೆ ಕೆಲಸ ಬಲ್ಲವರನ್ನು ಕರೆಸಿ, ಊರಿನ ಹುಡುಗರಿಗೂ ಕಲಿಸಿದರೆ ಆ ಹಣ ಕೂಲಿಯಾಗಿ ಊರಲ್ಲೇ ಉಳಿಯುತ್ತದೆ. ಅತಿಥಿಗೃಹದ ಬಳಕೆ ನಿಲ್ಲಬೇಕೆಂದೂ ಇಲ್ಲ, ಜನ ಓಡಾಡುವ ಮನೆಯೇ ಹೆಚ್ಚು ಬಾಳುತ್ತದೆ. ಒಂದೆರಡು ಕೋಣೆಗಳನ್ನು ಶಾಲಾ ಮಕ್ಕಳಿಗೆ ತೆರೆದಿಟ್ಟು, ಟೇಲರರ ಚಿತ್ರದ ಪಕ್ಕದಲ್ಲಿ ರಾಣಿ ಈಶ್ವರಮ್ಮನವರ, ವೆಂಕಟಪ್ಪ ನಾಯಕನ ಕಥೆಯನ್ನೂ ಕನ್ನಡದಲ್ಲಿ ಬರೆದು ತೂಗುಹಾಕುವುದು ತಾಲ್ಲೂಕು ಆಡಳಿತದ ಕೈಮೀರಿದ ಕೆಲಸವೇನಲ್ಲ.