ಸ್ಕಾಲರ್‌ಶಿಪ್ ದುಡ್ಡು ಯಾವ ಅಕೌಂಟಿಗೆ ಹೋಯಿತು?

ಬೆಂಗಳೂರಿನ ಸಾರಕ್ಕಿ ಮಾರುಕಟ್ಟೆಯ ತರಕಾರಿ ಅಂಗಡಿಗಳಲ್ಲೂ ಕನಕಪುರ ರಸ್ತೆಯ ಆಟೊ ಸ್ಟ್ಯಾಂಡುಗಳಲ್ಲೂ ಮಕ್ಕಳನ್ನು ಡಿಗ್ರಿಗೆ ಸೇರಿಸುವ ಲೆಕ್ಕಾಚಾರದಲ್ಲಿರುವ ತಂದೆತಾಯಂದಿರು ಸಿಗುತ್ತಾರೆ. ವಿದ್ಯಾರ್ಥಿವೇತನದ ಮಾತೆತ್ತಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಅದೆಲ್ಲ ರ್‍ಯಾಂಕ್ ಬಂದವರಿಗೆ, ಬಿಡಿ.’

ಈ ನಂಬಿಕೆಗೆ ಕಾರಣವಿದೆ. ಪರಿಶಿಷ್ಟ ಜಾತಿಯ ಮಕ್ಕಳು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಸಮಾಜ ಕಲ್ಯಾಣ ಇಲಾಖೆ ಪ್ರೋತ್ಸಾಹಧನ ಕೊಡುತ್ತದೆ. ಪಿಯುಸಿಗೆ 20,000 ರೂಪಾಯಿ, ಪದವಿಗೆ 25,000, ಎಂಜಿನಿಯರಿಂಗ್, ವೈದ್ಯಕೀಯಕ್ಕೆ 35,000. ಇದು ಅಂಕಕ್ಕೆ ಸಿಗುವ ಹಣ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬೇರೆಯದೇ. ಅಲ್ಲಿ ಮುಖ್ಯವಾಗಿ ನೋಡುವುದು ವರ್ಗ ಮತ್ತು ಕುಟುಂಬದ ಆದಾಯ. ಪರಿಶಿಷ್ಟರಿಗೆ ಮಿತಿ ವರ್ಷಕ್ಕೆ ಎರಡೂವರೆ ಲಕ್ಷ. ಹಿಂದುಳಿದ ವರ್ಗಗಳಿಗೂ ಆದಾಯದ ಮಿತಿ ಇದೆ. ಎರಡನ್ನೂ ಒಂದೇ ಎಂದುಕೊಂಡು, 55 ಪರ್ಸೆಂಟ್ ತೆಗೆದ ಹುಡುಗಿ ಅರ್ಜಿಯನ್ನೇ ಹಾಕದಿದ್ದರೆ ತನ್ನ ಹಕ್ಕಿನ ಹಣವನ್ನು ತಾನೇ ಬಿಟ್ಟುಕೊಟ್ಟಂತೆ.

‘ನಮ್ಮ ಜಾತಿಯವರಿಗೆ ಏನೂ ಇಲ್ಲ’ ಎನ್ನುವುದೂ ಪೂರ್ತಿ ನಿಜವಲ್ಲ. ರಾಜ್ಯ ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ‘ಸಾಂದೀಪನಿ’ ಶಿಷ್ಯವೇತನ ಇದೆ. ಸಿಇಟಿ ಮೂಲಕ ಎಂಜಿನಿಯರಿಂಗ್ ಸೇರುವವರಿಗೆ ಜಾತಿ ಕೇಳದ ಎಸ್‌ಎನ್‌ಕ್ಯು ಸೀಟುಗಳಿವೆ: ಮಂಜೂರಾದ ಸಂಖ್ಯೆಯ ಮೇಲೆ ಶೇ 5ರಷ್ಟು ಹೆಚ್ಚುವರಿ, ಆದಾಯ ಎಂಟು ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಮನ್ನಾ.

ಬಿಪಿಎಲ್ ಕಾರ್ಡ್ ತೋರಿಸಿದರೆ ಸಾಕು ಎಂದುಕೊಂಡವರೂ ಇದ್ದಾರೆ. ಸಾಲದು. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿ ಕೇಳುವುದು ನಾಡಕಚೇರಿ ಕೊಟ್ಟ ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ. ಆದಾಯ ಪತ್ರದ ಅವಧಿ ಐದು ವರ್ಷ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಡಿಗ್ರಿಯ ನಡುವೆ ಮುಗಿದುಹೋಗಿರುತ್ತದೆ. ಕೊನೆಯ ದಿನಾಂಕ ಹತ್ತಿರ ಬಂದಾಗ ಓಡುವ ಬದಲು ಬೇಸಿಗೆ ರಜೆಯಲ್ಲೇ ನೋಡಿಕೊಳ್ಳಬೇಕಾದ ಕೆಲಸ ಇದು.

ಆದರೆ ಹೆಚ್ಚು ನೋವು ಕೊಡುವುದು ಅರ್ಜಿ ಮಂಜೂರಾದ ಮೇಲೂ ಹಣ ಕೈಸೇರದಿರುವುದು. ‘ಬ್ಯಾಂಕಿಗೆ ಆಧಾರ್ ಲಿಂಕ್ ಆಗಿದೆಯಲ್ಲ’ ಎಂದು ಮನೆಯವರು ನಿಶ್ಚಿಂತೆಯಾಗಿರುತ್ತಾರೆ. ಖಾತೆಗೆ ಆಧಾರ್ ಪ್ರತಿ ಕೊಡುವುದು ಒಂದು ಕೆಲಸ, ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿ ಆ ಬ್ಯಾಂಕು ಸೀಡ್ ಆಗಿರುವುದು, ಅಂದರೆ ಆಧಾರ್‌ಗೆ ಜೋಡಣೆಯಾಗಿರುವುದು, ಇನ್ನೊಂದು. ನೇರ ನಗದು ವರ್ಗಾವಣೆಯ (ಡಿಬಿಟಿ) ಹಣ ಆಧಾರ್ ಸಂಖ್ಯೆಯನ್ನು ಹಿಡಿದು ಹೊರಡುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕು, ಕೊನೆಗೆ ಸೀಡ್ ಆದದ್ದಕ್ಕೇ ಹಣ. ಪಿಯುಸಿಯಲ್ಲಿ ಒಂದು ಖಾತೆ ತೆರೆದು, ಕಾಲೇಜು ಸೇರಿದಾಗ ಇನ್ನೊಂದು ತೆರೆದು, ಮೊಬೈಲಿನಲ್ಲಿ ಮೂರನೆಯದಕ್ಕೆ ‘ಒಪ್ಪಿಗೆ’ ಒತ್ತಿದ ಹುಡುಗ ಮೊದಲನೆಯ ಪಾಸ್‌ಬುಕ್ ಹಿಡಿದು ಕಾಯುತ್ತಿರುತ್ತಾನೆ.

ಇದು ವಿದ್ಯಾರ್ಥಿಗಳಿಗಷ್ಟೇ ಆದ ತೊಂದರೆಯಲ್ಲ. ಸಿಮ್ ದೃಢೀಕರಣಕ್ಕೆ ಬಂದ ಗ್ರಾಹಕರಿಗೆ ಅರಿವಿಲ್ಲದೆ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು, ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹೋಗುತ್ತಿದೆ ಎಂಬ ದೂರಿನ ಮೇಲೆ ಆಧಾರ್ ಪ್ರಾಧಿಕಾರ 2017ರ ಡಿಸೆಂಬರ್‌ನಲ್ಲಿ ಏರ್‌ಟೆಲ್‌ನ ಇ-ಕೆವೈಸಿ ಅನುಮತಿಯನ್ನೇ ಕೆಲಕಾಲ ತಡೆಹಿಡಿದಿತ್ತು. ಯಾವ ಬ್ಯಾಂಕು ಸೀಡ್ ಆಗಿದೆ ಎಂಬುದನ್ನು ‘ಮೈ ಆಧಾರ್’ ಜಾಲತಾಣ ತೋರಿಸುತ್ತದೆ. ಬಂದ ಹಣದ ವಿವರ ‘ಡಿಬಿಟಿ ಕರ್ನಾಟಕ’ ಆ್ಯಪಿನಲ್ಲಿ ಸಿಗುತ್ತದೆ. ಎರಡಕ್ಕೂ ಕಾಸು ಖರ್ಚಿಲ್ಲ.

ಸೈಬರ್ ಸೆಂಟರಿನವರು ‘ಸಬ್ಮಿಟ್ ಆಯ್ತು’ ಎಂದರೆ ಕೆಲಸ ಮುಗಿಯಿತೇ? ಇಲ್ಲ. ಆನ್‌ಲೈನಿನಲ್ಲಿ ತಾನಾಗಿ ತಾಳೆಯಾಗದ ದಾಖಲೆಗಳಿಗೆ ಇ-ದೃಢೀಕರಣ ಬೇಕು, ಕಾಲೇಜಿನ ಹಂತದ ಪರಿಶೀಲನೆಯೂ ದಾಟಬೇಕು. ಲಾಗಿನ್ ಐಡಿ, ಪಾಸ್‌ವರ್ಡ್, ಓಟಿಪಿ ಬರುವ ನಂಬರು ವಿದ್ಯಾರ್ಥಿಯ ಬಳಿಯೇ ಇರಬೇಕು. ಏಕೆಂದರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕು; ಮೊದಲ ವರ್ಷ ಬಂದದ್ದು ಎರಡನೇ ವರ್ಷ ತಾನಾಗಿ ಬರುವುದಿಲ್ಲ.

‘ಅರಿವು’ ಹೆಸರು ಕೇಳಿ ಅದನ್ನೂ ಅನುದಾನ ಎಂದುಕೊಂಡು ಸಹಿ ಹಾಕುವವರಿದ್ದಾರೆ. ದೇವರಾಜ ಅರಸು ನಿಗಮವಾಗಲಿ ಅಲ್ಪಸಂಖ್ಯಾತರ ನಿಗಮವಾಗಲಿ ಕೊಡುವ ಅರಿವು ಕಡಿಮೆ ಬಡ್ಡಿಯ ಸಾಲ. ತೀರಿಸಬೇಕಾದ್ದು.

ರೈತರ ಮಕ್ಕಳ ವಿದ್ಯಾರ್ಥಿವೇತನವಾದ ‘ರೈತ ವಿದ್ಯಾನಿಧಿ’ ಹಳ್ಳಿಯಲ್ಲಿ ಓದುವವರಿಗೆ ಎಂಬ ಮಾತಂತೂ ಸಾರಕ್ಕಿಯಂಥ ಕಡೆ ಹೆಚ್ಚು ನಷ್ಟ ಮಾಡುತ್ತದೆ. 2021ರಲ್ಲಿ ಶುರುವಾದಾಗ ಪದವಿಯ ಹುಡುಗರಿಗೆ 5,000, ಹುಡುಗಿಯರಿಗೆ 5,500. ಎಂಬಿಬಿಎಸ್, ಬಿಇಗೆ 10,000 ಮತ್ತು 11,000 ರೂಪಾಯಿ ನಿಗದಿಯಾಗಿತ್ತು. ಕೇಳುವುದು ತಂದೆ ಅಥವಾ ತಾಯಿಯ ರೈತ ನೋಂದಣಿ ಸಂಖ್ಯೆ, ಅಂದರೆ ಫ್ರೂಟ್ಸ್ ಐಡಿ. ಜಮೀನು ಕನಕಪುರದಲ್ಲಿದ್ದು ಮಗ ಜೆ.ಪಿ. ನಗರದಲ್ಲಿ ಓದುತ್ತಿದ್ದರೆ ಅಡ್ಡಿಯಿಲ್ಲ. 2022ರಲ್ಲಿ ಇದನ್ನು ನೇಕಾರರು, ಮೀನುಗಾರರು, ಆಟೊ–ಟ್ಯಾಕ್ಸಿ ಚಾಲಕರ ಮಕ್ಕಳಿಗೂ ವಿಸ್ತರಿಸಲಾಯಿತು. ಆಯಾ ವರ್ಷ ಯಾರಿಗೆಲ್ಲ ಅನ್ವಯ ಎಂಬುದನ್ನು ಆ ಸಾಲಿನ ಆದೇಶ ಹೇಳುತ್ತದೆ. ಎಸ್‌ಎಸ್‌ಪಿ ತೆರೆದ ವಾರದಲ್ಲೇ ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ಅದನ್ನು ಕೇಳಿ ಓದಿಕೊಳ್ಳಬಹುದು.